ಆಟಿಯ ಜ್ವರ, ದಸರೆಗೆ ಉದುರುವ ಕೂದಲು

ಪ್ರಶ್ನೆ: ನನಗೆ 33 ವರ್ಷ. ಬದಿಯಡ್ಕದ ಹತ್ತಿರ ತೋಟದ ಮನೆ. ಜುಲೈ ಕೊನೆಯಲ್ಲಿ ಡೆಂಗಿ ಬಂದು ಐದು ದಿನ ಆಸ್ಪತ್ರೆಯಲ್ಲಿದ್ದೆ. ಅಕ್ಟೋಬರಿನಿಂದ ತಲೆಗೆ ಮಿಂದರೆ ಬಚ್ಚಲಿನ ನೀರು ಹೋಗುವ ತೂತು ಕಟ್ಟುವಷ್ಟು ಕೂದಲು ಬರುತ್ತಿದೆ. ಆಸ್ಪತ್ರೆಯಲ್ಲಿದ್ದಾಗ ಹಿಮೋಗ್ಲೋಬಿನ್ 10.6 ಇತ್ತು. ಯಜಮಾನರಿಗೆ 38, ಶಾರ್ಜಾದಲ್ಲಿದ್ದಾರೆ. ಅವರ ಹಣೆಯ ಎರಡು ಬದಿ ಮತ್ತು ನೆತ್ತಿಯಲ್ಲಿ ಆರೇಳು ವರ್ಷಗಳಿಂದ ಕೂದಲು ಕಡಿಮೆಯಾಗುತ್ತಾ ಬಂದಿದೆ. ಅಲ್ಲಿನ ನೀರಿನಿಂದ ಎನ್ನುತ್ತಾರೆ ಅವರು. ಸುರಂಗದ ನೀರು ಬಿಟ್ಟು ಬೋರಿನ ನೀರು ಹಿಡಿದದ್ದರಿಂದ ನನಗೆ ಹೀಗಾಯಿತು ಎನ್ನುತ್ತಾರೆ ಅತ್ತೆ. ಮೂರು ಬಗೆಯ ಎಣ್ಣೆ ಆಯಿತು, ಬಯೋಟಿನ್ ಎಂಬ ವಿಟಮಿನ್ ಮಾತ್ರೆಯೂ ಆಯಿತು. ಇಬ್ಬರಿಗೂ ಒಂದೇ ಔಷಧಿ ಆದೀತೇ?

ಉತ್ತರ: ಆಗಲಾರದು. ನಿಮ್ಮ ತಲೆಯಲ್ಲಿ ನಡೆಯುತ್ತಿರುವುದು ಒಂದು, ಯಜಮಾನರ ತಲೆಯಲ್ಲಿ ನಡೆಯುತ್ತಿರುವುದು ಇನ್ನೊಂದು. ನಿಮ್ಮ ಕೂದಲು ಉದುರುತ್ತಿದೆ. ಅವರದು ಮುಖ್ಯವಾಗಿ ಸಪೂರವಾಗುತ್ತಿದೆ. ಎರಡಕ್ಕೂ ‘ಕೂದಲು ಹೋಯಿತು’ ಎಂಬ ಒಂದೇ ಮಾತು ಬಳಸುವುದರಿಂದಲೇ ಅರ್ಧ ಗೊಂದಲ. ನೀರನ್ನು ದೂರುವ ಮೊದಲು ಗೋಡೆಯ ಕ್ಯಾಲೆಂಡರನ್ನು ಮೂರು ಹಾಳೆ ಹಿಂದಕ್ಕೆ ಮಗುಚಿ. ನಿಮ್ಮ ಮಟ್ಟಿಗೆ ಉತ್ತರದ ಬಹುಪಾಲು ಅಲ್ಲೇ ಸಿಗುತ್ತದೆ.

ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿರುತ್ತವೆ. ಪ್ರತಿಯೊಂದಕ್ಕೂ ಅದರದೇ ಸರದಿ. ಎರಡರಿಂದ ಆರು ವರ್ಷ ಬೆಳೆಯುತ್ತದೆ, ಎರಡು ಮೂರು ವಾರಗಳಲ್ಲಿ ಬೆಳವಣಿಗೆ ನಿಲ್ಲಿಸುತ್ತದೆ, ಆಮೇಲೆ ಸುಮಾರು ಮೂರು ತಿಂಗಳು ಬುಡದಲ್ಲಿ ಸುಮ್ಮನೆ ಕೂತು ಉದುರುತ್ತದೆ. ಅದೇ ಜಾಗದಿಂದ ಹೊಸದು ಹೊರಡುತ್ತದೆ. ಯಾವ ದಿನ ನೋಡಿದರೂ ನೂರರಲ್ಲಿ ಹತ್ತರಷ್ಟು ಕೂದಲು ಹೀಗೆ ಸುಮ್ಮನೆ ಕೂತಿರುತ್ತವೆ. ಅಂದರೆ ಹತ್ತು ಸಾವಿರ. ಅವು ನೂರು ದಿನಗಳಲ್ಲಿ ಉದುರಿದರೆ ದಿನಕ್ಕೆ ನೂರಾಯಿತು. ದಿನಕ್ಕೆ 50ರಿಂದ 100 ಕೂದಲು ಹೋಗುವುದು ಸಹಜ ಎಂದು ವೈದ್ಯರು ಹೇಳುವುದು ಇದೇ ಲೆಕ್ಕದಲ್ಲಿ. ವಾರಕ್ಕೆ ಎರಡು ಸಲ ತಲೆಗೆ ಮೀಯುವವರಿಗೆ ಮೂರು ದಿನದ್ದು ಒಟ್ಟಿಗೆ ಬರುತ್ತದೆ. ಮೊಣಕೈಯಷ್ಟು ಉದ್ದದ ಇನ್ನೂರು ಕೂದಲು ಒದ್ದೆಯಾಗಿ ಮುದ್ದೆಗಟ್ಟಿದರೆ ಕೋಳಿಮೊಟ್ಟೆಯಷ್ಟು ಕಂಡು ಎದೆ ಧಸಕ್ಕೆನ್ನುತ್ತದೆ. ಆದ್ದರಿಂದ ಮುದ್ದೆಯ ಗಾತ್ರವನ್ನು ನಂಬಬೇಡಿ. ಮೊದಲಿಗಿಂತ ಹೆಚ್ಚಾಗಿದೆಯೇ ಎಂಬುದಷ್ಟೇ ಮುಖ್ಯ.

ಜೋರು ಜ್ವರ ಬಂದಾಗ ದೇಹ ಇದ್ದ ಶಕ್ತಿಯನ್ನೆಲ್ಲ ಜೀವ ಉಳಿಸುವ ಕಡೆಗೆ ತಿರುಗಿಸುತ್ತದೆ. ಕೂದಲು ಬೆಳೆಸುವ ಕೆಲಸ ಆಗ ನಿಲ್ಲುತ್ತದೆ. ಹತ್ತು ಸಾವಿರದ ಬದಲು ಇಪ್ಪತ್ತೈದೋ ಮೂವತ್ತೋ ಸಾವಿರ ಕೂದಲು ಒಂದೇ ಸಲಕ್ಕೆ ಬೆಳವಣಿಗೆ ನಿಲ್ಲಿಸಿ ಕೂರುತ್ತವೆ. ಆದರೆ ಅಂದೇ ಉದುರುವುದಿಲ್ಲ, ಎರಡು ಮೂರು ತಿಂಗಳು ತಡೆಯುತ್ತವೆ. ಆಟಿಯಲ್ಲಿ, ಅಂದರೆ ಜುಲೈ–ಆಗಸ್ಟ್ ಮಳೆಗಾಲದಲ್ಲಿ, ಬಿದ್ದ ಪೆಟ್ಟು ತಲೆಯಲ್ಲಿ ಕಾಣುವುದು ದಸರೆಯ ಹೊತ್ತಿಗೆ. ಅಷ್ಟರಲ್ಲಿ ಜ್ವರ ಮರೆತುಹೋಗಿರುತ್ತದೆ, ಕಣ್ಣೆದುರಿಗಿರುವ ಹೊಸ ಶಾಂಪೂ, ಹೊಸ ಬೋರ್‌ವೆಲ್, ಹೊಸ ಎಣ್ಣೆಯ ಮೇಲೆ ತಪ್ಪು ಬೀಳುತ್ತದೆ. ಡೆಂಗಿ, ಚಿಕುನ್‌ಗುನ್ಯಾ, ಇಲಿಜ್ವರ, ಟೈಫಾಯ್ಡ್, ಕೋವಿಡ್ ಎಲ್ಲಕ್ಕೂ ಇದೇ ದಾರಿ. ಹೆರಿಗೆಯಾಗಿ ಎರಡರಿಂದ ನಾಲ್ಕು ತಿಂಗಳಿಗೆ ಬಾಣಂತಿಯರ ಕೂದಲು ಉದುರುವುದೂ ಇದೇ ಜಾತಿಯದು, ‘ಮಗು ತಾಯಿಯ ಮುಖ ಗುರುತಿಸಲು ಕಲಿತಾಗ ಕೂದಲು ಉದುರುತ್ತದೆ’ ಎಂದು ಹಿರಿಯರು ಹೇಳುವ ಸಮಯ ಸರಿಯಾಗಿಯೇ ಇದೆ, ಕಾರಣ ಮಾತ್ರ ಬೇರೆ. ದೊಡ್ಡ ಆಪರೇಶನ್, ಎರಡು ತಿಂಗಳಲ್ಲಿ ಹತ್ತು ಕಿಲೋ ಇಳಿಸುವ ಉಪವಾಸ, ಮನೆಯಲ್ಲೊಂದು ಸಾವು, ಇವೂ ಆ ಸಾಲಿಗೇ ಸೇರುತ್ತವೆ.

ನಿಮ್ಮದು ಇದೇ ಹೌದೇ ಎಂದು ಮನೆಯಲ್ಲೇ ನೋಡಬಹುದು. ಉದುರಿದ ಕೂದಲೊಂದನ್ನು ಬೆಳಕಿಗೆ ಹಿಡಿಯಿರಿ. ಒಂದು ತುದಿಯಲ್ಲಿ ಬಿಳಿಯ ಸಣ್ಣ ಗುಂಡಿದ್ದರೆ ಅದು ಅವಧಿ ಮುಗಿಸಿ ಬಿದ್ದ ಕೂದಲು. ‘ಬೇರು ಸಮೇತ ಬಂತು, ಇನ್ನು ಅಲ್ಲಿ ಹುಟ್ಟುವುದಿಲ್ಲ’ ಎಂದು ಹೆದರುವವರು ಬಹಳ ಮಂದಿ. ಅದು ಬೇರಲ್ಲ, ಒಣಗಿದ ತುದಿ. ಹಣ್ಣೆಲೆಯ ತೊಟ್ಟಿನ ಹಾಗೆ. ನಿಜವಾದ ಬೇರು ಚರ್ಮದಡಿಯಲ್ಲೇ ಉಳಿದಿರುತ್ತದೆ. ಎರಡೂ ತುದಿಯಲ್ಲಿ ಗುಂಡಿಲ್ಲದೆ, ಉದ್ದ ಗಿಡ್ಡ ತುಂಡುಗಳಾಗಿ ಬಂದರೆ ಅದು ಉದುರಿದ್ದಲ್ಲ, ಮುರಿದದ್ದು. ಒದ್ದೆ ತಲೆಯನ್ನು ಬಾಚುವುದು, ಬಿಸಿ ಇಸ್ತ್ರಿ ಹಿಡಿದು ನೇರ ಮಾಡಿಸುವುದು, ಬಣ್ಣ, ಗಡಸು ನೀರು ಇತ್ಯಾದಿಗಳ ಕೆಲಸ ಅದು.

ಇನ್ನೊಂದು ಪರೀಕ್ಷೆ. ಮಿಂದು ಒಂದು ದಿನ ಕಳೆದ ಒಣ ತಲೆಯಲ್ಲಿ 50–60 ಕೂದಲಿನ ಒಂದು ಎಳೆಯನ್ನು ಹೆಬ್ಬೆರಳು, ತೋರುಬೆರಳು, ನಡುಬೆರಳಿನ ನಡುವೆ ಬುಡದ ಹತ್ತಿರ ಹಿಡಿದು, ತುದಿಯ ಕಡೆಗೆ ಒಂದೇ ಸಮನೆ ಮೆಲ್ಲಗೆ ಜಗ್ಗಿ. ಐದಾರಕ್ಕಿಂತ ಹೆಚ್ಚು ಕೂದಲು ಕೈಗೆ ಬಂದರೆ ಉದುರುವಿಕೆ ನಡೆಯುತ್ತಿದೆ ಎಂದರ್ಥ. ಹಣೆಯ ಮೇಲೆ, ಎರಡು ಬದಿ, ಹಿಂದೆ, ಹೀಗೆ ನಾಲ್ಕು ಕಡೆ ಮಾಡಿ. ನಾಲ್ಕೂ ಕಡೆ ಬಂದರೆ ಜ್ವರದಂಥ ಇಡೀ ದೇಹದ ಕಾರಣ. ಮೇಲೆ ಮಾತ್ರ ತೆಳುವಾಗಿದ್ದು ಹಿಂಭಾಗ ಗಟ್ಟಿಯಾಗಿದ್ದರೆ ವಂಶದ ಕಾರಣವನ್ನು ಯೋಚಿಸಬೇಕು. ದಿನಾಲೂ ಜಗ್ಗಿ ನೋಡುವ ಚಟ ಮಾತ್ರ ಬೇಡ, ತಿಂಗಳಿಗೊಮ್ಮೆ ಸಾಕು.

ಜ್ವರದಿಂದ ಶುರುವಾದದ್ದು ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗಿ ನಿಲ್ಲುತ್ತದೆ. ನಿಮಗೆ ಮಾರ್ಚ್–ಏಪ್ರಿಲ್ ಹೊತ್ತಿಗೆ ಎನ್ನಿ. ಹಣೆಯಂಚಿನಲ್ಲಿ ಒಂದೆರಡು ಇಂಚಿನ ನೆಟ್ಟಗೆ ನಿಲ್ಲುವ ಎಳೆಗೂದಲು ಕಂಡರೆ ಹೊಸದು ಬರುತ್ತಿದೆ ಎಂದೇ ತಿಳಿಯಿರಿ. ಆದರೆ ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್. ಹೊಸ ಕೂದಲು ಭುಜ ಮುಟ್ಟಲು ಎರಡೂವರೆ ಮೂರು ವರ್ಷ ಬೇಕು, ಅಲ್ಲಿಯವರೆಗೆ ಜಡೆಯ ತುದಿ ಇಲಿಬಾಲವಾಗಿಯೇ ಇರುತ್ತದೆ. ಉದುರುವುದು ನಿಂತಿದ್ದರೂ ‘ಇನ್ನೂ ಸರಿಯಾಗಿಲ್ಲ’ ಎಂದು ಔಷಧಿ ಬದಲಿಸುತ್ತಾ ಹೋಗುವುದು ಈ ಹಂತದಲ್ಲೇ.

ತಾನಾಗಿ ನಿಲ್ಲದಂತೆ ಮಾಡುವ ಒಂದು ಸಂಗತಿ ನಿಮ್ಮ ಪತ್ರದಲ್ಲಿದೆ, ನೀವು ಅದನ್ನು ಒಂದು ಸಾಲಿನಲ್ಲಿ ದಾಟಿಸಿಬಿಟ್ಟಿದ್ದೀರಿ. ಹಿಮೋಗ್ಲೋಬಿನ್ 10.6. ಗರ್ಭಿಣಿಯಲ್ಲದ ಹೆಂಗಸಿಗೆ 12ಕ್ಕಿಂತ ಕಡಿಮೆಯಿದ್ದರೆ ಅದು ರಕ್ತಹೀನತೆಯೇ. ಅದೂ ಡೆಂಗಿಯ ನಡುವೆ ತೆಗೆದ ಲೆಕ್ಕ. ಡೆಂಗಿಯಲ್ಲಿ ರಕ್ತದ ನೀರಂಶ ಸೋರಿ ರಕ್ತ ಗಟ್ಟಿಯಾಗುವುದರಿಂದ ಸಂಖ್ಯೆ ಇರುವುದಕ್ಕಿಂತ ಹೆಚ್ಚು ತೋರಬಹುದು, ಗ್ಲುಕೋಸ್ ಹತ್ತಿದ ಮೇಲೆ ಕಡಿಮೆಯೂ ತೋರಬಹುದು. ಈಗ ಮತ್ತೊಮ್ಮೆ ಮಾಡಿಸಿ. ಬೇಕಾದದ್ದು ಮೂರೇ ಪರೀಕ್ಷೆ: ಸಿಬಿಸಿ (ರಕ್ತಕಣಗಳ ಎಣಿಕೆ), ಫೆರಿಟಿನ್, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ). ಮನೆಯಲ್ಲಿ ಮೀನು ಮೊಟ್ಟೆ ಇಲ್ಲದಿದ್ದರೆ ಬಿ12 ಸೇರಿಸಿಕೊಳ್ಳಬಹುದು. ‘ಹೇರ್ ಪ್ಯಾಕೇಜ್’ ಎಂದು ನಲವತ್ತು ಪರೀಕ್ಷೆಯ ಪಟ್ಟಿ ಹಿಡಿದು ಬಂದರೆ ಬೇಡವೆನ್ನಿ.

ಫೆರಿಟಿನ್ ಎಂದರೆ ದೇಹದ ಕಬ್ಬಿಣದ ಪತ್ತಾಯ, ಅಂದರೆ ಕಣಜ. ಹಿಮೋಗ್ಲೋಬಿನ್ ಇಳಿಯುವ ಮುಂಚೆಯೇ ಪತ್ತಾಯ ಬರಿದಾಗುತ್ತದೆ. ಲ್ಯಾಬಿನ ಚೀಟಿಯಲ್ಲಿ 12 ಇದ್ದರೂ ‘ನಾರ್ಮಲ್’ ಎಂದು ಮುದ್ರಿಸಿರಬಹುದು. ಚರ್ಮವೈದ್ಯರು ಸಾಮಾನ್ಯವಾಗಿ 30ಕ್ಕಿಂತ ಕೆಳಗಿದ್ದರೆ ಕಬ್ಬಿಣ ಕೊಡುತ್ತಾರೆ. ಕೂದಲಿಗೆ ಎಷ್ಟಿದ್ದರೆ ಸಾಕು ಎಂಬುದರಲ್ಲಿ ತಜ್ಞರಲ್ಲೇ ಒಮ್ಮತವಿಲ್ಲ, ಆದರೆ ನಿಮ್ಮ ಹಿಮೋಗ್ಲೋಬಿನ್ನಿಗೆ ಚಿಕಿತ್ಸೆ ಹೇಗಿದ್ದರೂ ಬೇಕು. ಒಂದು ಎಚ್ಚರ: ಜ್ವರ, ಸೋಂಕು ಇರುವಾಗ ಫೆರಿಟಿನ್ ಸುಳ್ಳಾಗಿ ಏರುತ್ತದೆ, ಡೆಂಗಿಯಲ್ಲಂತೂ ವಿಪರೀತ. ಜ್ವರ ಬಿಟ್ಟು ಒಂದೂವರೆ ತಿಂಗಳಾದರೂ ಕಳೆದಿರಬೇಕು. ನಿಮಗೆ ಆ ಅವಧಿ ದಾಟಿದೆ.

ಕಬ್ಬಿಣದ ಮಾತ್ರೆ ಕುಟುಂಬ ಆರೋಗ್ಯ ಕೇಂದ್ರದಲ್ಲೇ ಸಿಗುತ್ತದೆ. ತಪ್ಪುವುದು ಮಾತ್ರೆಯಲ್ಲಲ್ಲ, ತೆಗೆದುಕೊಳ್ಳುವ ಕ್ರಮದಲ್ಲಿ. ಬೆಳಗಿನ ತಿಂಡಿ, ಮಾತ್ರೆ, ಅದರ ಬೆನ್ನಿಗೇ ಚಹಾ. ಅಲ್ಲಿಗೆ ಕಬ್ಬಿಣ ಹೊಟ್ಟೆಯಲ್ಲೇ ಚಹಾದ ಒಗರಿಗೆ ಅಂಟಿ ಹೊರಗೆ ಹೋಯಿತು. ಚಹಾ, ಕಾಫಿ, ಹಾಲು, ಕ್ಯಾಲ್ಸಿಯಂ ಮಾತ್ರೆಗೂ ಕಬ್ಬಿಣಕ್ಕೂ ಕಡಿಮೆಯೆಂದರೆ ಎರಡು ಗಂಟೆ ಅಂತರ ಇರಲಿ. ಖಾಲಿ ಹೊಟ್ಟೆಗೆ ಲಿಂಬೆ ಶರಬತ್ತಿನೊಟ್ಟಿಗೆ ತೆಗೆದುಕೊಂಡರೆ ಚೆನ್ನಾಗಿ ಹಿಡಿಯುತ್ತದೆ. ಹೊಟ್ಟೆ ತೊಳಸಿದರೆ ಬಿಟ್ಟುಬಿಡಬೇಡಿ, ವೈದ್ಯರನ್ನು ಕೇಳಿ ದಿನ ಬಿಟ್ಟು ದಿನ ತೆಗೆದುಕೊಳ್ಳಿ, ಹೀರಿಕೆ ಹಾಗೂ ಚೆನ್ನಾಗಿಯೇ ಆಗುತ್ತದೆ. ಮಲ ಕಪ್ಪಾಗುವುದು ಸಹಜ. ಥೈರಾಯ್ಡ್ ಮಾತ್ರೆ ನುಂಗುವವರು ಎರಡರ ನಡುವೆ ನಾಲ್ಕು ಗಂಟೆ ಬಿಡಬೇಕು. ದಿನವೂ ‘ಗ್ಯಾಸಿನ ಮಾತ್ರೆ’ ನುಂಗುವ ಅಭ್ಯಾಸವಿದ್ದರೆ ಅದೂ ಕಬ್ಬಿಣದ ಹೀರಿಕೆಗೆ ಅಡ್ಡಿ.

ಸರಿಯಾಗಿ ಹಿಡಿದರೆ ಹಿಮೋಗ್ಲೋಬಿನ್ ತಿಂಗಳಲ್ಲಿ ಒಂದರಿಂದ ಎರಡು ಗ್ರಾಂ ಏರಬೇಕು. 12 ದಾಟಿದೊಡನೆ ನಿಲ್ಲಿಸುವವರೇ ಹೆಚ್ಚು. ಆಗ ತುಂಬಿರುವುದು ರಕ್ತ ಮಾತ್ರ, ಪತ್ತಾಯ ಇನ್ನೂ ಖಾಲಿ. ಅಲ್ಲಿಂದ ಮುಂದೆ ಮೂರು ತಿಂಗಳು ಮುಂದುವರಿಸಬೇಕು. ಏರದೇ ಹೋದರೆ ಎಲ್ಲೋ ಸೋರುತ್ತಿರಬಹುದು. ಏಳು ದಿನ ಮೀರುವ ಮುಟ್ಟು, ಗಡ್ಡೆಗಟ್ಟಿ ಹೋಗುವ ರಕ್ತ, ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕಾದ ಸ್ಥಿತಿ ಇದ್ದರೆ ಸ್ತ್ರೀರೋಗ ತಜ್ಞರನ್ನು ಕಾಣದೆ ಕೂದಲಿನ ಚಿಕಿತ್ಸೆ ದಂಡ. ಮೂಲವ್ಯಾಧಿಯನ್ನೂ ಮರೆಯಬೇಡಿ. ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಕೊಕ್ಕೆಹುಳದ ಸಾಧ್ಯತೆಯೂ ಇದೆ, ಅದು ಕರುಳಲ್ಲಿ ಕಚ್ಚಿಕೊಂಡು ದಿನಾ ಸ್ವಲ್ಪ ಸ್ವಲ್ಪ ರಕ್ತ ಹೀರುತ್ತದೆ.

ಜ್ವರದ ಬಳಿಕದ ಪಥ್ಯವೂ ತಪ್ಪಿತಸ್ಥರಲ್ಲೊಂದು. ಗಂಜಿ, ಉಪ್ಪಿನಕಾಯಿ, ಸುಟ್ಟ ಹಪ್ಪಳ ಒಂದು ವಾರಕ್ಕೆ ಸರಿ. ತಿಂಗಳಿಗೆ ಎಳೆದರೆ ಪ್ರೋಟೀನಿನ ಬರ. ಕೂದಲು ಎಂದರೆ ಬಹುಪಾಲು ಪ್ರೋಟೀನೇ. 55 ಕಿಲೋ ತೂಕದವರಿಗೆ ದಿನಕ್ಕೆ 45–55 ಗ್ರಾಂ ಬೇಕು. ಒಂದು ಮೊಟ್ಟೆಯಲ್ಲಿ ಆರು ಗ್ರಾಂ, ನೂರು ಗ್ರಾಂ ಬಂಗುಡೆಯಲ್ಲಿ ಇಪ್ಪತ್ತರ ಹತ್ತಿರ, ಒಂದು ಹಿಡಿ ಹುರುಳಿ ಅಥವಾ ಹೆಸರಿನಲ್ಲಿ ಆರೇಳು. ಸಸ್ಯಾಹಾರದ ಮನೆಯಾದರೆ ಗಂಜಿಯ ಬದಿಗೆ ಹೆಸರುಕಾಳಿನ ಪಲ್ಯವೋ ಹುರುಳಿ ಸಾರೋ ದಿನಾ ಬೇಕು. ನುಗ್ಗೆಸೊಪ್ಪು, ಹರಿವೆ, ಬಸಳೆ ಒಳ್ಳೆಯದೇ. ಆದರೆ 10.6ನ್ನು ಸೊಪ್ಪಿನಿಂದಲೇ 12ಕ್ಕೆ ಏರಿಸುತ್ತೇನೆ ಎಂದು ಹೊರಡಬೇಡಿ, ಸೊಪ್ಪಿನ ಕಬ್ಬಿಣ ದೇಹಕ್ಕೆ ಹತ್ತುವುದು ತೀರ ಕಡಿಮೆ.

ಬಯೋಟಿನ್ ನಿಲ್ಲಿಸಿ. ದೇಹಕ್ಕೆ ದಿನಕ್ಕೆ ಬೇಕಾದದ್ದು 30–40 ಮೈಕ್ರೋಗ್ರಾಂ, ಊಟದಲ್ಲೇ ಸಿಗುತ್ತದೆ. ಅಂಗಡಿಯ ಮಾತ್ರೆಯಲ್ಲಿ 5ರಿಂದ 10 ಮಿಲಿಗ್ರಾಂ, ಅಂದರೆ ನೂರರಿಂದ ಮುನ್ನೂರು ಪಟ್ಟು. ಕೊರತೆಯಿಲ್ಲದವರ ಕೂದಲಿಗೆ ಅದರಿಂದ ಲಾಭವೆಂದು ತೋರಿಸುವ ಗಟ್ಟಿ ಆಧಾರವಿಲ್ಲ. ದುಡ್ಡು ಹೋಗುವುದಷ್ಟೇ ಅಲ್ಲ, ಅದು ರಕ್ತಪರೀಕ್ಷೆಯನ್ನೇ ಕೆಡಿಸುತ್ತದೆ. ಹಲವು ಲ್ಯಾಬ್ ಯಂತ್ರಗಳಲ್ಲಿ ಬಯೋಟಿನ್ನಿನ ಕಾರಣ ಟಿಎಸ್‌ಎಚ್ ಸುಳ್ಳಾಗಿ ಕಡಿಮೆ ತೋರಿ, ಇಲ್ಲದ ಥೈರಾಯ್ಡ್ ರೋಗಕ್ಕೆ ಮಾತ್ರೆ ಶುರುವಾಗುವ ಅಪಾಯವಿದೆ. ಎದೆನೋವಿಗೆ ಮಾಡುವ ಟ್ರೋಪೊನಿನ್ ಪರೀಕ್ಷೆಯೂ ತಪ್ಪಬಹುದು. ರಕ್ತ ಕೊಡುವ ಮೂರು ದಿನ ಮೊದಲೇ ಬಿಟ್ಟಿರಬೇಕು.

ಈಗ ಅತ್ತೆಯವರ ನೀರಿನ ಮಾತು. ಅದರಲ್ಲಿ ಹುರುಳಿಲ್ಲವೆಂದಲ್ಲ. ಮುರಕಲ್ಲಿನ ಗುಡ್ಡ ಕೊರೆದ ಸುರಂಗದ ನೀರು ಮೆದು, ಸೋಪು ಚೆನ್ನಾಗಿ ನೊರೆಯಾಡುತ್ತದೆ. ಆಳದ ಬಂಡೆಯಿಂದ ಬರುವ ಬೋರಿನ ನೀರಿನಲ್ಲಿ ಕಬ್ಬಿಣ, ಸುಣ್ಣದಂಶ ಹೆಚ್ಚಿರಬಹುದು. ಬಕೆಟಿನಲ್ಲಿ ಒಂದು ರಾತ್ರಿ ಇಟ್ಟರೆ ಕೆಂಪು ಕಟ್ಟುವುದು ಅದಕ್ಕೇ. ಇಂಥ ನೀರು ಕೂದಲಿನ ಹೊರಮೈಯನ್ನು ಒರಟಾಗಿಸುತ್ತದೆ, ಸಿಕ್ಕು ಹೆಚ್ಚಿ ಬಾಚುವಾಗ ಮುರಿಯುತ್ತದೆ. ಆದರೆ ಕೂದಲು ಹುಟ್ಟುವ ಬುಡ ಚರ್ಮದಡಿ ಮೂರು ನಾಲ್ಕು ಮಿಲಿಮೀಟರ್ ಆಳದಲ್ಲಿದೆ, ನೀರಿನ ಸುಣ್ಣ ಅಲ್ಲಿಗಿಳಿಯುವುದಿಲ್ಲ. ಆದ್ದರಿಂದ ಮತ್ತೆ ಅದೇ ಬಿಳಿ ಗುಂಡಿನ ಪರೀಕ್ಷೆ. ಗುಂಡು ಇದ್ದರೆ ನೀರು ನಿರಪರಾಧಿ. ಅತ್ತೆಯವರಿಗೆ ಸಮಾಧಾನವಾಗಲೆಂದರೆ ಮಿಂದು ಕೊನೆಗೆ ಎರಡು ಚೆಂಬು ಸುರಂಗದ ನೀರೋ ಮಳೆನೀರೋ ಹೊಯ್ದುಕೊಳ್ಳಿ, ಕೂದಲು ನಯವಾಗುವುದಂತೂ ನಿಜ.

ಎಣ್ಣೆಯ ಕತೆಯೂ ಹೆಚ್ಚುಕಡಿಮೆ ಅದೇ. ತೆಂಗಿನೆಣ್ಣೆಗೆ ಒಂದು ಗುಣವಿದೆ: ಅದು ಕೂದಲಿನ ಒಳಗಿಳಿದು, ತೊಳೆಯುವಾಗ ಪ್ರೋಟೀನ್ ಕಳೆದುಹೋಗುವುದನ್ನು ತಗ್ಗಿಸುತ್ತದೆ. ಅಂದರೆ ಇರುವ ಕೂದಲನ್ನು ಕಾಯುತ್ತದೆ, ಇಲ್ಲದ್ದನ್ನು ಹುಟ್ಟಿಸುವುದಿಲ್ಲ. ಗರುಗ, ನೆಲ್ಲಿ, ದಾಸವಾಳ ಹಾಕಿ ಕಾಸಿದರೂ ಜ್ವರದಿಂದ ಉದುರುವುದನ್ನು ಅದು ತಡೆಯಲಾರದು. ಮೀಯುವ ಅರ್ಧ ಗಂಟೆ ಮೊದಲು ಎರಡು ಚಮಚ ಹಚ್ಚಿದರೆ ಸಾಕು. ತಲೆಯಲ್ಲಿ ಹೊಟ್ಟು, ತುರಿಕೆ, ಹಳದಿ ಜಿಡ್ಡಿನ ಸಿಪ್ಪೆ ಇದ್ದರೆ ಮಾತ್ರ ಎಣ್ಣೆ ಪೂರಾ ಬಿಡಿ. ಹೊಟ್ಟಿಗೆ ಕಾರಣವಾದ ಸೂಕ್ಷ್ಮ ಶಿಲೀಂಧ್ರಕ್ಕೆ ಎಣ್ಣೆಯೇ ಊಟ. ‘ತಲೆ ಒಣಗಿದೆ’ ಎಂದು ಎಣ್ಣೆ ಸುರಿದಷ್ಟೂ ಹೊಟ್ಟು ಹೆಚ್ಚುವುದು ಹೀಗೆ. ಅದಕ್ಕೆ 2 ಶೇಕಡಾ ಕೀಟೊಕೊನಜೋಲ್ ಶಾಂಪೂ ವಾರಕ್ಕೆ ಎರಡು ಸಲ, ನಾಲ್ಕು ವಾರ. ಹಚ್ಚಿದ ಕೂಡಲೇ ತೊಳೆದರೆ ದಂಡ, ಐದು ನಿಮಿಷ ಬಿಡಬೇಕು. ದಾಸವಾಳದ ಎಲೆಯ ಲೋಳೆಯಲ್ಲಿ ಮೀಯುವ ಅಭ್ಯಾಸಕ್ಕೆ ನಮ್ಮ ತಕರಾರಿಲ್ಲ.

ಇನ್ನು ನಿಮ್ಮ ಯಜಮಾನರು. ಗಲ್ಫಿಗೆ ಹೋದ ಮೇಲೆ ತಲೆ ಬೋಳಾಯಿತು ಎಂಬ ಮಾತು ಮಂಜೇಶ್ವರದಿಂದ ಹೊಸದುರ್ಗದವರೆಗೆ ಯಾವ ಮನೆಯಲ್ಲೂ ಕೇಳಿಬರುತ್ತದೆ. ಆದರೆ ನಮ್ಮವರು ಗಲ್ಫಿಗೆ ಹೋಗುವುದು ಯಾವ ಪ್ರಾಯದಲ್ಲಿ? ಇಪ್ಪತ್ತೆರಡರಿಂದ ಮೂವತ್ತರೊಳಗೆ. ಗಂಡಸರ ವಂಶದ ಬೋಳು ತಲೆದೋರುವುದೂ ಸರಿಯಾಗಿ ಅದೇ ಪ್ರಾಯದಲ್ಲಿ. ಊರಲ್ಲೇ ಅಡಿಕೆ ಸುಲಿದುಕೊಂಡಿದ್ದರೂ ಆಗುತ್ತಿತ್ತು, ಊರಿನ ನೀರನ್ನು ಯಾರೂ ದೂರುತ್ತಿರಲಿಲ್ಲ ಅಷ್ಟೆ. ಅಲ್ಲಿನ ನಲ್ಲಿ ನೀರು ಹೆಚ್ಚಾಗಿ ಸಮುದ್ರದ ನೀರಿನಿಂದ ಉಪ್ಪು ತೆಗೆದದ್ದು. ಅದರಿಂದ ಕೂದಲು ಒರಟಾಗಬಹುದು. ಆದರೆ ಹಣೆಯ ಎರಡು ಮೂಲೆ ಮತ್ತು ನೆತ್ತಿಯನ್ನಷ್ಟೇ ಆರಿಸಿಕೊಂಡು, ಕಿವಿಯ ಮೇಲಿನದನ್ನೂ ಹಿಂದಲೆಯದನ್ನೂ ಹಾಗೇ ಬಿಡುವ ಜಾಣ್ಮೆ ಯಾವ ನೀರಿಗೂ ಇಲ್ಲ.

ಆ ಆಯ್ಕೆ ಮಾಡುವುದು ಡಿಎಚ್‌ಟಿ ಎಂಬ ಹಾರ್ಮೋನು. ಗಂಡು ಹಾರ್ಮೋನಾದ ಟೆಸ್ಟೋಸ್ಟೆರೋನಿನಿಂದಲೇ ದೇಹದೊಳಗೆ ತಯಾರಾಗುತ್ತದೆ. ಅದರ ಪ್ರಮಾಣ ಹೆಚ್ಚಿರಬೇಕೆಂದಿಲ್ಲ. ಹಣೆ, ನೆತ್ತಿಯ ಕೂದಲಿನ ಬುಡಗಳು ಅದಕ್ಕೆ ಸೂಕ್ಷ್ಮವಾಗಿರುವುದು ಹುಟ್ಟಿನಿಂದ ಬಂದದ್ದು. ಪ್ರತಿ ಸರದಿಯಲ್ಲೂ ಬೆಳೆಯುವ ಕಾಲ ಮೊಟಕಾಗುತ್ತದೆ, ಬುಡ ಕುಗ್ಗುತ್ತದೆ, ಹಗ್ಗದಂತಿದ್ದದ್ದು ನೂಲಾಗಿ, ನೂಲು ಕೊನೆಗೆ ಬರಿಗಣ್ಣಿಗೆ ಕಾಣದ ರೋಮವಾಗುತ್ತದೆ. ದಿಂಬಿನ ಮೇಲೆ ರಾಶಿ ಬೀಳದೆಯೇ ತಲೆ ಬಯಲಾಗುವುದು ಹೀಗೆ. ‘ಸೋದರಮಾವನನ್ನು ನೋಡಿದರೆ ಸಾಕು’ ಎನ್ನುವುದು ಅರ್ಧ ಸತ್ಯ: ಒಂದು ಮುಖ್ಯ ವಂಶವಾಹಿ ತಾಯಿಯ ಕಡೆಯಿಂದ ಬರುತ್ತದೆ, ಆದರೆ ಉಳಿದ ಹಲವು ಎರಡೂ ಕಡೆಯಿಂದ. ಟೊಪ್ಪಿ, ಹೆಲ್ಮೆಟ್, ಪದೇ ಪದೇ ಕ್ಷೌರ, ಇವಕ್ಕೂ ಇದಕ್ಕೂ ಸಂಬಂಧವಿಲ್ಲ.

ಇದು ರೋಗವಲ್ಲ. ಏನೂ ಮಾಡದೆ ಬಿಡುವುದೂ ಸರಿಯಾದ ತೀರ್ಮಾನವೇ, ಮರುಭೂಮಿಯ ಬಿಸಿಲಿಗೆ ಟೊಪ್ಪಿ ಹಾಕಿಕೊಂಡರೆ ಆಯಿತು. ಮಾಡುವುದಾದರೆ ಆಧಾರವಿರುವ ಔಷಧಿ ಮುಖ್ಯವಾಗಿ ಎರಡು.

ಒಂದು, ಮಿನಾಕ್ಸಿಡಿಲ್. ಮೂಲತಃ ರಕ್ತದೊತ್ತಡದ ಮಾತ್ರೆ. ನುಂಗಿದವರ ಮೈಯಲ್ಲೆಲ್ಲ ಕೂದಲು ಬಂದದ್ದು ಕಂಡು ತಲೆಗೆ ಹಚ್ಚುವ ದ್ರವವಾಯಿತು, 1988ರಲ್ಲಿ ಅಮೆರಿಕದಲ್ಲಿ ಗಂಡಸರಿಗೆ ಒಪ್ಪಿಗೆ ಸಿಕ್ಕಿತು. ಗಂಡಸರಿಗೆ 5 ಶೇಕಡಾದ್ದು, 1 ಮಿಲಿಲೀಟರ್, ದಿನಕ್ಕೆ ಎರಡು ಸಲ. 60 ಮಿಲಿಲೀಟರಿನ ಬಾಟಲಿ ಒಂದು ತಿಂಗಳಿಗೆ. ಎರಡು ತಿಂಗಳಿಗೆ ಬರುತ್ತಿದೆಯೆಂದರೆ ಅರ್ಧವೇ ಹಚ್ಚುತ್ತಿದ್ದಾರೆ. ತಲೆ ಒಣಗಿರಬೇಕು. ಬೈತಲೆ ತೆಗೆದು ಚರ್ಮದ ಮೇಲೆ ಹನಿ ಬಿಟ್ಟು ಬೆರಳಿನಿಂದ ಹರಡಬೇಕು, ಕೂದಲಿಗೆ ಸವರಿದರೆ ಉಪಯೋಗವಿಲ್ಲ. ಆಮೇಲೆ ಕೈ ತೊಳೆದುಕೊಳ್ಳಬೇಕು. ನಾಲ್ಕು ಗಂಟೆ ತಲೆಗೆ ನೀರು ಬೇಡ. ರಾತ್ರಿಯದನ್ನು ಮಲಗುವ ಎರಡು ಗಂಟೆ ಮೊದಲು ಹಚ್ಚಬೇಕು. ಹಸಿಯಿದ್ದರೆ ದಿಂಬಿಗೆ ಅಂಟಿ, ಅದೇ ದಿಂಬಿಗೆ ಮುಖವಿಟ್ಟು ಮಲಗುವ ನಿಮಗೋ ಮಕ್ಕಳಿಗೋ ಮುಖದಲ್ಲಿ ರೋಮ ಬರಬಹುದು. ದ್ರವದಲ್ಲಿ ಆಲ್ಕೋಹಾಲ್ ಇರುವುದರಿಂದ ಹಚ್ಚಿದ ಕೂಡಲೇ ಒಲೆಯ ಹತ್ತಿರ ಹೋಗಬಾರದು. ಮನೆಯಲ್ಲಿ ಬೆಕ್ಕಿದ್ದರೆ ಹುಷಾರು, ಅದು ನೆಕ್ಕಿದರೆ ಪ್ರಾಣಾಪಾಯ.

ಇದನ್ನು ಹೆಚ್ಚಿನವರು ಬಿಡುವುದು ಒಂದೂವರೆ ತಿಂಗಳಿಗೆ. ಕಾರಣ, ಎರಡನೇ ವಾರದಿಂದ ಎಂಟನೇ ವಾರದೊಳಗೆ ಕೂದಲು ಮೊದಲಿಗಿಂತ ಜಾಸ್ತಿ ಉದುರುತ್ತದೆ. ಸುಮ್ಮನೆ ಕೂತಿದ್ದ ಹಳೆಯ ಕೂದಲನ್ನು ತಳ್ಳಿ ಹೊಸದು ಹೊರಡುವ ಸೂಚನೆ ಅದು. ಫಲ ಕಾಣಲು ನಾಲ್ಕರಿಂದ ಆರು ತಿಂಗಳು, ಒಂದು ವರ್ಷಕ್ಕೆ ಲೆಕ್ಕ ನೋಡಬೇಕು. ನಿಲ್ಲಿಸಿದರೆ ಮೂರರಿಂದ ಆರು ತಿಂಗಳಲ್ಲಿ ಬಂದದ್ದೆಲ್ಲ ಹೋಗುತ್ತದೆ, ಆದ್ದರಿಂದ ಎಷ್ಟು ವರ್ಷ ಹಚ್ಚಲು ಮನಸ್ಸಿದೆ ಎಂದು ಮೊದಲೇ ಯೋಚಿಸಬೇಕು. ತುರಿಕೆಯಾದರೆ ನೊರೆಯ ರೂಪದ್ದು ಒಗ್ಗಬಹುದು. ಎದೆ ಡವಗುಟ್ಟಿದರೆ, ತಲೆ ತಿರುಗಿದರೆ, ಕಾಲು ಬಾತರೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಇನ್ನೊಂದು, ಫಿನಾಸ್ಟರೈಡ್ 1 ಮಿಲಿಗ್ರಾಂ ಮಾತ್ರೆ, ದಿನಕ್ಕೊಂದು, ಗಂಡಸರಿಗೆ. ಟೆಸ್ಟೋಸ್ಟೆರೋನ್ ಡಿಎಚ್‌ಟಿ ಆಗುವುದನ್ನು ಇದು ತಡೆಯುತ್ತದೆ. ಇದ್ದದ್ದನ್ನು ಉಳಿಸುವುದರಲ್ಲಿ ಎತ್ತಿದ ಕೈ. ಫಲಕ್ಕೆ ಆರು ತಿಂಗಳಿಂದ ಒಂದು ವರ್ಷ. ಸ್ವಲ್ಪ ಮಂದಿಗೆ ಲೈಂಗಿಕ ಆಸಕ್ತಿ ತಗ್ಗುವುದು, ನಿಮಿರುವಿಕೆಯ ತೊಂದರೆ ಆಗಬಹುದು. ಮನಸ್ಸು ಕುಗ್ಗುವುದು, ಬದುಕು ಸಾಕೆನಿಸುವ ಯೋಚನೆ ಬರುವುದೂ ವರದಿಯಾಗಿದೆ. ಖಿನ್ನತೆಯ ಹಿನ್ನೆಲೆಯಿದ್ದವರು ಮೊದಲೇ ವೈದ್ಯರಿಗೆ ಹೇಳಬೇಕು. ಪ್ರಾಸ್ಟೇಟಿನ ಪಿಎಸ್‌ಎ ಪರೀಕ್ಷೆಯ ಅಂಕಿ ಇದರಿಂದ ಅರ್ಧಕ್ಕಿಳಿಯುತ್ತದೆ, ಪರೀಕ್ಷೆ ಬರೆದುಕೊಡುವ ವೈದ್ಯರಿಗೆ ಮಾತ್ರೆಯ ವಿಷಯ ತಿಳಿದಿರಬೇಕು. ನುಂಗುತ್ತಿರುವಾಗಲೂ ನಿಲ್ಲಿಸಿ ಒಂದು ತಿಂಗಳವರೆಗೂ ರಕ್ತದಾನ ಮಾಡಬಾರದು. ಗರ್ಭಿಣಿಯರು ಒಡೆದ ಮಾತ್ರೆಯನ್ನು ಕೈಯಲ್ಲೂ ಮುಟ್ಟಬಾರದು, ಗಂಡು ಭ್ರೂಣದ ಜನನಾಂಗದ ಬೆಳವಣಿಗೆ ಕೆಡಬಹುದು. ಇದು ನಿಮಗಂತೂ ಅಲ್ಲ.

ಕೂದಲು ಕಸಿ? ಹಿಂದಲೆಯ ಕೂದಲನ್ನು ಕಿತ್ತು ಮುಂದೆ ನೆಡುವ ಕೆಲಸ, ಹೊಸ ಕೂದಲು ಸೃಷ್ಟಿಯಾಗುವುದಿಲ್ಲ. ಔಷಧಿಯಿಂದ ಇಳಿಕೆ ನಿಂತ ಮೇಲೆ ಮಾಡಿಸಿದರೆ ಮಾತ್ರ ಚೆಂದ. ಇಪ್ಪತ್ತೆರಡರಲ್ಲೇ ಮಾಡಿಸಿಕೊಂಡರೆ ನೆಟ್ಟದ್ದು ಉಳಿದು, ಅದರ ಹಿಂದಿನದು ಹಿಂದೆ ಸರಿದು, ನಲವತ್ತರಲ್ಲಿ ನಡುವೆ ಬಯಲು ಬಿದ್ದ ದ್ವೀಪವಾಗುತ್ತದೆ. ನೆಟ್ಟ ಕೂದಲು ಮೊದಲ ತಿಂಗಳಲ್ಲಿ ಉದುರಿ ಮೂರು ನಾಲ್ಕು ತಿಂಗಳಿಗೆ ಮತ್ತೆ ಹೊರಡುತ್ತದೆ ಎಂದು ತಿಳಿದಿದ್ದರೆ ಗಾಬರಿಯಿಲ್ಲ.

ಹೆಂಗಸರಿಗೂ ವಂಶದ ಬೋಳು ಬರುತ್ತದೆ, ಬೇರೆ ರೂಪದಲ್ಲಿ. ಹಣೆಯಂಚು ಹಾಗೇ ಉಳಿದು ಬೈತಲೆ ಅಗಲವಾಗುತ್ತದೆ, ಮುಂದೆ ಹೆಚ್ಚು ಅಗಲ, ಹಿಂದಕ್ಕೆ ಹೋದಂತೆ ಕಿರಿದು. ಜ್ವರದ ಉದುರುವಿಕೆ ಕೆಲವೊಮ್ಮೆ ಒಳಗೇ ಅಡಗಿದ್ದ ಇದನ್ನು ಬಯಲಿಗೆ ತರುತ್ತದೆ. ಆದ್ದರಿಂದ ಈಗಲೇ ನಡುಬೈತಲೆ ತೆಗೆದು, ಕಿಟಕಿಯ ಬೆಳಕಿನಲ್ಲಿ ಮೇಲಿನಿಂದ ಒಂದು ಫೋಟೋ ತೆಗೆಸಿಟ್ಟುಕೊಳ್ಳಿ, ತಿಂಗಳಿಗೊಮ್ಮೆ ಅದೇ ಜಾಗ, ಅದೇ ಹೊತ್ತು. ಏಪ್ರಿಲಿನಲ್ಲಿ ಉದುರುವುದು ನಿಂತೂ ಬೈತಲೆ ಅಗಲವಾಗುತ್ತಲೇ ಇದ್ದರೆ ನಿಮಗೂ ಮಿನಾಕ್ಸಿಡಿಲ್ ಬೇಕಾದೀತು. ಹೆಂಗಸರಿಗೆ ಸಾಮಾನ್ಯವಾಗಿ 2 ಶೇಕಡಾದ್ದು ಎರಡು ಸಲ, ಅಥವಾ 5 ಶೇಕಡಾದ ನೊರೆ ದಿನಕ್ಕೊಮ್ಮೆ. ಬಸಿರು, ಬಾಣಂತನದಲ್ಲಿ ಬೇಡ. ಈಗ ಮಾತ್ರ ಶುರುಮಾಡಬೇಡಿ, ತಾನಾಗಿ ನಿಲ್ಲುವುದಕ್ಕೆ ವರ್ಷಗಟ್ಟಲೆಯ ಔಷಧಿ ಯಾಕೆ? ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಆಗುತ್ತಿದ್ದು, ಗಲ್ಲದಲ್ಲಿ ಗಡಸು ರೋಮ, ನಿಲ್ಲದ ಮೊಡವೆ ಜೊತೆಗಿದ್ದರೆ ಪಿಸಿಒಎಸ್ ಎಂಬ ಹಾರ್ಮೋನಿನ ಏರುಪೇರಿಗಾಗಿ ನೋಡಿಸಬೇಕು. ಹುಬ್ಬಿನ ಹೊರತುದಿ ತೆಳುವಾಗಿ, ಚಳಿ ತಡೆಯದೆ, ತೂಕ ಏರುತ್ತಿದ್ದರೆ ಥೈರಾಯ್ಡ್. ಅಪಸ್ಮಾರದ ಸೋಡಿಯಂ ವಾಲ್ಪ್ರೊಯೇಟ್, ಥೈರಾಯ್ಡಿನ ಕಾರ್ಬಿಮಜೋಲ್, ಮೊಡವೆಯ ಐಸೊಟ್ರೆಟಿನಾಯಿನ್, ರಕ್ತ ತೆಳುವಾಗಿಸುವ ಕೆಲವು ಔಷಧಿಗಳಿಂದಲೂ ಕೂದಲು ಉದುರಬಹುದು, ಆದರೆ ಮಾತ್ರೆಯನ್ನು ತಾವಾಗಿ ನಿಲ್ಲಿಸುವುದು ಕೂದಲಿಗಿಂತ ದೊಡ್ಡ ನಷ್ಟ.

ನೀವು ಕೇಳದಿದ್ದರೂ ಹೇಳಬೇಕಾದ ಒಂದೆರಡು. ನಾಣ್ಯದಷ್ಟು ಜಾಗ ನುಣ್ಣಗಾಗಿ ಬಿಡುವುದನ್ನು ಇಲ್ಲಿ ‘ಹುಳ ತಿಂದದ್ದು’ ಎನ್ನುತ್ತಾರೆ. ಅಲ್ಲಿ ಹುಳವೂ ಇಲ್ಲ, ಅಂಟೂ ಇಲ್ಲ. ದೇಹದ ರಕ್ಷಣಾ ಕಣಗಳೇ ಕೂದಲಿನ ಬುಡವನ್ನು ಶತ್ರುವೆಂದು ತಿಳಿದು ಮುತ್ತುತ್ತವೆ. ಒಂದೆರಡು ಚುಕ್ಕೆಯಾದರೆ ಬಹಳ ಮಂದಿಗೆ ವರ್ಷದೊಳಗೆ ತಾನಾಗಿ ತುಂಬುತ್ತದೆ, ಬೇಗ ಬೇಕೆಂದರೆ ನಾಲ್ಕರಿಂದ ಆರು ವಾರಕ್ಕೊಮ್ಮೆ ಸ್ಟೀರಾಯ್ಡ್ ಚುಚ್ಚುಮದ್ದು. ಬೆಳ್ಳುಳ್ಳಿ ಅರೆದು ತಿಕ್ಕಿ ಚರ್ಮ ಸುಟ್ಟುಕೊಳ್ಳಬೇಡಿ. ಆದರೆ ಮಕ್ಕಳ ತಲೆಯ ಚುಕ್ಕೆಯಲ್ಲಿ ಸಿಪ್ಪೆ, ತುಂಡಾದ ಕೂದಲಿನ ಕಪ್ಪು ಬಿಂದು, ಕತ್ತಿನ ಹಿಂದೆ ಗಂಟು ಇದ್ದರೆ ಅದು ಶಿಲೀಂಧ್ರ, ನಿಜಕ್ಕೂ ಅಂಟುವಂಥದ್ದು. ಅದಕ್ಕೆ ಮುಲಾಮು ಸಾಲದು, ವಾರಗಟ್ಟಲೆ ಹೊಟ್ಟೆಗೆ ಔಷಧಿ ಬೇಕು. ಶಾಲೆಯ ಹುಡುಗಿಯರ ಎರಡು ಜಡೆಯನ್ನೋ, ತಲೆವಸ್ತ್ರದಡಿಯ ತುರುಬನ್ನೋ ಹಣೆಯ ಚರ್ಮ ಜಗ್ಗುವಷ್ಟು ಬಿಗಿದರೆ ಹಣೆಯಂಚು, ಕಿವಿಯ ಮುಂಭಾಗ ತೆಳುವಾಗುತ್ತದೆ. ಬೇಗ ಸಡಿಲಿಸಿದರೆ ಮರಳುತ್ತದೆ, ವರ್ಷಗಳಾದರೆ ಇಲ್ಲ.

ತಡಮಾಡಬಾರದ್ದು ಇದು: ಕೂದಲು ಹೋದ ಜಾಗ ಮೇಣದಂತೆ ಹೊಳೆದು ರೋಮರಂಧ್ರವೇ ಕಾಣದಿರುವುದು, ಅಂಚಿನಲ್ಲಿ ಕೆಂಪು, ಉರಿ, ನೋವು. ಬುಡವೇ ಸತ್ತು ಕಲೆಯಾಗುತ್ತಿದೆ ಎಂದರ್ಥ. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಉಳಿಸಲು ವಾರಗಳೊಳಗೆ ಚರ್ಮವೈದ್ಯರು ಬೇಕು. ಕಾಸರಗೋಡಿನಲ್ಲಿ ಸಿಗದಿದ್ದರೆ ಮಂಗಳೂರಿನ ರೈಲು ಹತ್ತಿ.

ವೈದ್ಯರಲ್ಲಿಗೆ ಹೋಗುವ ದಿನ ತಲೆಗೆ ಎಣ್ಣೆ ಹಚ್ಚಬೇಡಿ, ಬೈತಲೆ ಮುಚ್ಚುವ ಕಪ್ಪು ಪುಡಿಯೂ ಬೇಡ. ಹಿಂದಿನ ದಿನ ಮಿಂದಿದ್ದರೆ ಸಾಕು. ಡೆಂಗಿಯ ಡಿಸ್ಚಾರ್ಜ್ ಚೀಟಿ, ಹಳೆಯ ಫೋಟೋ ಒಂದು, ಕಳೆದ ಆರು ತಿಂಗಳಲ್ಲಿ ನುಂಗಿದ ಎಲ್ಲ ಮಾತ್ರೆಗಳ ಖಾಲಿ ಸ್ಟ್ರಿಪ್ ಜೊತೆಗಿರಲಿ, ಬಯೋಟಿನ್ನಿನದೂ.